ಪಂಜಿ ಓಲುಂಡು?

ನಮ್ಮ ಮನೆಯ ಕಪಾಟಿನಲ್ಲಿ ಅಪ್ಪನ ಕಾಲದ ಒಂಟಿ ನಳಿಗೆಯ ತೋಟೆಕೋವಿ ಒಂದಿದೆ. ಕಾಸರಗೋಡಿನ ಪೆರ್ಲದಿಂದ ಒಳಗೆ, ಈ ಗುಡ್ಡದ ಬುಡದಲ್ಲಿ ಅಡಿಕೆ ತೋಟ ಮಾಡಿಕೊಂಡವರಿಗೆ ಕೋವಿಯೆಂದರೆ ದೋಟಿ, ಕತ್ತಿಗಳ ಹಾಗೆ ಒಂದು ಹತ್ಯಾರು. ದೋಟಿಗೆ ಲೈಸನ್ಸ್ ಬೇಡ, ಇದಕ್ಕೆ ಬೇಕು, ಅಷ್ಟೇ. ಕೊಡವರಿಗಿರುವ ವಿನಾಯಿತಿ ನಮಗೆಲ್ಲಿ? ಚುನಾವಣೆ ಘೋಷಣೆಯಾದ ಕೂಡಲೇ ಹಳೇ ಪಂಚೆಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ರಶೀದಿ ತರಬೇಕು. ಪಂಚಾಯತ್, ವಿಧಾನಸಭೆ, ಲೋಕಸಭೆ ಎಂದು ಆ ಕೋವಿ ನನಗಿಂತ ಹೆಚ್ಚು ಸಲ ಠಾಣೆಯ ಮೆಟ್ಟಿಲು ಹತ್ತಿದೆ. ಮಂಗಗಳಿಗೆ ಚುನಾವಣೆಯ ದಿನಾಂಕ ಯಾರು ಹೇಳಿಕೊಡುತ್ತಾರೋ, ಎಳನೀರಿಗೆ ಅವು ಇಳಿಯುವುದು ಸರಿಯಾಗಿ ಆಗಲೇ.

ಹೀಗೆ ಸುಖವಾಗಿದ್ದ ನನ್ನನ್ನು ಕೆಡಿಸಿದ್ದು ಟೆಕ್ಸಾಸ್.

ಅಕ್ಕನ ಮಗ ಅಲ್ಲಿದ್ದಾನೆ, ಅಲ್ಲಿಯ ಪ್ರಜೆಯೂ ಆಗಿದ್ದಾನೆ. ಹೋದ ವರ್ಷ ನಮ್ಮಿಬ್ಬರನ್ನು ಕರೆಸಿಕೊಂಡ. ಮೂರನೇ ದಿನ, "ಮಾವ, ನಿಮಗೊಂದು ತೋರಿಸ್ತೇನೆ" ಎಂದು ಪೆಟ್ಟಿಗೆ ತೆರೆದ. ಒಳಗೆ .44 ಮ್ಯಾಗ್ನಮ್ ರಿವಾಲ್ವರ್. ಸುಮಾರು ಒಂದೂಕಾಲು ಕಿಲೋ ಭಾರ, ಆರು ಗುಂಡಿನ ತಿರುಗುವ ಗಾಲಿ. ನಮ್ಮೂರಿನಲ್ಲಿ ಅರ್ಜಿ ಹಾಕಿ ಚಪ್ಪಲಿ ಸವೆಸಿದರೂ ಸಾಮಾನ್ಯರಿಗೆ ಸಿಗುವುದು ಹೆಚ್ಚೆಂದರೆ ಕಾನ್ಪುರದ ಸರಕಾರಿ ಕಾರ್ಖಾನೆಯ .32. ಇವನು ಇದನ್ನು ಅಂಗಡಿಯಲ್ಲೇ ಒಂದು ಫಾರಂ ತುಂಬಿಸಿ, ಅವರು ಹಿನ್ನೆಲೆ ವಿಚಾರಿಸಿ ಮುಗಿಸುವವರೆಗೆ ನಿಂತು, ಅದೇ ದಿನ ಮನೆಗೆ ತಂದನಂತೆ. ನಮ್ಮಲ್ಲಿ ಸಿಮ್ ಕಾರ್ಡ್ ತರುವ ಹಾಗೆ.

ಗುರಿ ಹೊಡೆಯುವ ಜಾಗಕ್ಕೆ ಹೋದೆವು. ಗೋಡೆಯೊಳಗಿನ ಸಾಲು ಸಾಲು ಗೂಡು, ಗಂಟೆಗೆ ಬಾಡಿಗೆ, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಎದುರಿಗೆ ತೂಗಿಸಿದ ಕಾಗದದಲ್ಲಿ ಮನುಷ್ಯನ ಆಕಾರ. "ಹಂದಿಯದ್ದು ಇಲ್ಲವೋ?" ಎಂದು ಕೇಳಿದೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ.

ಉದ್ದ ಕೋವಿ ಹಿಡಿದು ರೂಢಿಯಾದ ಎಡಗೈ ತಾನಾಗಿ ಮುಂದಕ್ಕೆ, ಗಾಲಿಯ ಹತ್ತಿರಕ್ಕೆ ಹೋಯಿತು. ಅಳಿಯ ಕಿರುಚಿದ. ರಿವಾಲ್ವರಿನ ಗಾಲಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಈಡು ಹಾರುವಾಗ ಆ ಸಂದಿನಿಂದ ಬಿಸಿ ಅನಿಲ ಪಕ್ಕಕ್ಕೆ ನುಗ್ಗುತ್ತದೆ. ಬೆರಳಿದ್ದರೆ ಬೆಂದೇ ಹೋಗುತ್ತದೆ. ಎರಡೂ ಕೈ ಹಿಂದೆ ತಂದು ಹಿಡಿ ಹಿಡಿದು ಒತ್ತಿದೆ.

ಶಬ್ದ ಕೇಳಿದ್ದು ಹೊಟ್ಟೆಯಲ್ಲಿ. ಕೈ ಎರಡೂ ಮೇಲೆ ಹೋಗಿ, ಆರತಿ ಎತ್ತಿದ ಭಂಗಿಯಲ್ಲಿ ನಿಂತಿದ್ದೆ. ಎದುರಿನ ಕಾಗದದ ಮನುಷ್ಯನಿಗೆ ಏನೂ ಆಗಿರಲಿಲ್ಲ.

ಎರಡನೆಯದ್ದು, ಮೂರನೆಯದ್ದು ನೆಲಕ್ಕೆ. ಆಮೇಲೆ ಅಳಿಯ ಗಾಲಿಯನ್ನು ತಾನೇ ತುಂಬಿಸಿ ಕೊಟ್ಟ. ಎರಡು ಹಾರಿತು. ಮೂರನೆಯದಕ್ಕೆ ಒತ್ತಿದೆ: ಟಿಕ್, ಅಷ್ಟೇ. ಆದರೆ ರಿವಾಲ್ವರಿನ ಮೂತಿ ಮಾತ್ರ ಗಪ್ಪನೆ ಕೆಳಗೆ ಕುಕ್ಕಿತು, ನನ್ನ ಕಣ್ಣು ಮುಚ್ಚಿತ್ತು, ಹಲ್ಲು ಕಚ್ಚಿತ್ತು. ನಡುವೆ ಒಂದು ಖಾಲಿ ತೋಟೆ ಸಿಕ್ಕಿಸಿಟ್ಟಿದ್ದನಂತೆ ಆ ಪಾಪಿ. "ನೋಡಿ ಮಾವ, ಒದೆಯುತ್ತದೆ ಎಂಬ ಹೆದರಿಕೆಗೆ ನೀವೇ ಮೊದಲು ಬಗ್ಗಿಸ್ತೀರಿ. ತಪ್ಪು ಪಿಸ್ತೂಲಿನದ್ದಲ್ಲ." ಇವಳು ಗಾಜಿನಾಚೆ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದಳು. ನಲವತ್ತು ವರ್ಷ ಅಂಗಳದ ಜಗಲಿಯಲ್ಲಿ ಕಟ್ಟಿದ ಬೇಟೆಯ ಕತೆಗಳೆಲ್ಲ ಆ ಟಿಕ್ಕಿಗೆ ಬಿದ್ದುಹೋದವು.

ಊರಿಗೆ ಬಂದ ಮೇಲೆ ಒಂದು ಸಮಾಧಾನ ಸಿಕ್ಕಿತು. .44 ಎಂದರೆ ಇಂಚಿನ ಲೆಕ್ಕ, ಹೆಚ್ಚೆಂದರೆ 11 ಮಿಲಿಮೀಟರ್. ನಮ್ಮದು 12 ಬೋರ್. ಅದರ ಲೆಕ್ಕವೇ ಬೇರೆ: ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮಗುಂಡು ಮಾಡಿದರೆ ಅದರಲ್ಲೊಂದು ಸರಿಯಾಗಿ ಹಿಡಿಯುವ ನಳಿಗೆ. ಮಿಲಿಮೀಟರಿಗೆ ತಂದರೆ 18.5! ಅಂದರೆ ಅಮೆರಿಕದ ಆ ರಾಕ್ಷಸನನ್ನು ನಮ್ಮ ಕೋವಿ ಆರಾಮಾಗಿ ನುಂಗಿ ತೇಗಬಹುದು. ಇದನ್ನು ಇವಳಿಗೆ ಹೇಳಿದೆ. "ಹೌದೌದು, ಹೊಡೆಯುವವರು ಮಾತ್ರ ಅವರೇ ಅಲ್ಲವೋ" ಎಂದಳು.

ಅದಕ್ಕೇ ಅಭ್ಯಾಸಕ್ಕೆ ಇಳಿದದ್ದು. ಬೇರೆ ಕಾರಣವೂ ಇತ್ತು. 2022ರಿಂದ ಕೇರಳದಲ್ಲಿ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಹೊಡೆಯಲು ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು. ಲೈಸನ್ಸ್ ಇರುವವರನ್ನು ಹುಡುಕುತ್ತಾರೆ. ನಾಳೆ ಕರೆ ಬಂದಾಗ ಟಿಕ್ ಆಗಬಾರದಲ್ಲ. ವರ್ಷಕ್ಕೆ ಇಷ್ಟೇ ತೋಟೆ ಎಂದು ಲೈಸನ್ಸಿನಲ್ಲೇ ಬರೆದಿರುವುದರಿಂದ ಧಾರಾಳ ಮಾಡುವ ಹಾಗಿಲ್ಲ. ಹಾಗಾಗಿ ಒಂದೇ ಈಡು ಎಂದು ನಿಶ್ಚಯಿಸಿ, ತೋಟದಾಚೆಯ ಎತ್ತರದ ಮಣ್ಣಿನ ಬರೆಗೆ ಒಂದು ಅಡಿಕೆ ಹಾಳೆ ಆನಿಸಿ, ಮಸಿಯಲ್ಲಿ ವೃತ್ತ ಬರೆದೆ. ಇಪ್ಪತ್ತು ಹೆಜ್ಜೆ ಹಿಂದೆ ಬಂದೆ. ಹುಲ್ಲು ಹೊಡೆಯುವ ಮೆಷಿನ್ನಿನ ಕಿವಿಮುಚ್ಚಳ ಹಾಕಿಕೊಂಡೆ. ತೋಟದ ಕೆಲಸದವರನ್ನು ಬೆನ್ನ ಹಿಂದೆ ನಿಲ್ಲಿಸಿದೆ. ಉಸಿರು ಬಿಟ್ಟೆ. ಒತ್ತಿದೆ.

ಟೆಕ್ಸಾಸಿನ ಪಾಠ ಕೈಗೆ ಮರೆತಿರಲಿಲ್ಲ. ಒತ್ತುವ ಮೊದಲೇ ಕಣ್ಣು ಮುಚ್ಚಿತು, ಮೂತಿ ಕುಕ್ಕಿತು. ಕಣ್ಣು ತೆರೆದರೆ ಹಾಳೆ ನಗುತ್ತಾ ನಿಂತಿದೆ. ನಮ್ಮ ತೋಟೆಯೊಳಗೆ ಇರುವುದು ಒಂದೇ ಗುಂಡಲ್ಲ, ಹಲವು ಚರೆ. ಹಾಳೆಯ ಕೆಳಗೆ, ಗುಡ್ಡಕ್ಕೆ ಕೊರೆದ ನೀರಿನ ಸುರಂಗದಿಂದ ಟಾಂಕಿಗೆ ನೀರು ತರುವ ಕರಿ ಪೈಪಿನಿಂದ ಸಣ್ಣ ಸಣ್ಣ ಏಳು ಕಾರಂಜಿ ಎದ್ದಿದೆ. ಬರೆಯ ಬುಡದಲ್ಲೇ ಪೈಪು ಹೋಗುತ್ತದೆಂದು ನನಗೆ ಗೊತ್ತಿಲ್ಲದ್ದಲ್ಲ; ಅದನ್ನು ಹಾಕಿಸಿದವನೇ ನಾನು.

ಹಿಂದಿನಿಂದ ಕೆಲಸದವರ ದನಿ, ಬಹಳ ಮರ್ಯಾದೆಯಿಂದ: "ಅಣ್ಣೆರೆ, ಪಂಜಿ ಓಲುಂಡು?"

ಹಂದಿ ಎಲ್ಲಿದೆ ಎಂದು ನಾನೇನು ಹೇಳಲಿ.

ಸಂಜೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಏಳರಲ್ಲಿ ನಾಲ್ಕು ನಿಂತಿತು. ಉಳಿದ ಮೂರನ್ನು ಮುಚ್ಚಲು ಇವಳು ಬಿಡಲಿಲ್ಲ. ಅದರ ಬುಡಕ್ಕೆ ಬಸಳೆ ನೆಟ್ಟು ಚಪ್ಪರ ಹಾಕಿಸಿದ್ದಾಳೆ.

ಮೊನ್ನೆ ಅಳಿಯ ಫೋನ್ ಮಾಡಿದ. "ಪ್ರಾಕ್ಟೀಸ್ ಹೇಗೆ ನಡೀತಿದೆ ಮಾವ? ತೂತುಗಳು ಹತ್ತಿರ ಹತ್ತಿರ ಬೀಳ್ತವೋ?"

"ಒಂದು ಗೇಣಿನೊಳಗೆ ಏಳು" ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

"ಭಾರೀ ಆಯ್ತಲ್ಲ ಮಾವ!"

ಅಡಿಗೆಮನೆಯಿಂದ ಬಸಳೆ ದಂಟು ಕೊಯ್ಯುತ್ತಲೇ ಇವಳು ಕೂಗಿದಳು: "ಯಾವುದಕ್ಕೆ ಎಂದೂ ಹೇಳಿ ಅವನಿಗೆ!"