ಬಡ್ಡಿ ಹಾಲಿಯ ಯಾವ ರೆಕಾರ್ಡಿಂಗ್ ಕೇಳುತ್ತಿದ್ದೀರಿ?

ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿಯನ್ನು ಮೊದಲ ಸಲ ಕೇಳುವವರು ಆ್ಯಪ್‌ನಲ್ಲಿ ಸಿಕ್ಕ ‘ಬೆಸ್ಟ್ ಆಫ್’ ಪಟ್ಟಿ ಹಾಕಿ, ನಾಲ್ಕು ಹಾಡು ಕೇಳಿ, ‘ಹಳೇ ಕಾಲದ್ದು, ಚೆನ್ನಾಗಿದೆ’ ಅಂದು ಎದ್ದು ಹೋಗುತ್ತಾರೆ. ಅವರನ್ನು ದೂರಿ ಉಪಯೋಗವಿಲ್ಲ. ಆ ಪಟ್ಟಿಗಳಲ್ಲಿ ಅವನು ಹಾಡಿಟ್ಟಿದ್ದರ ಜೊತೆಗೆ ಬೇರೆಯವರು ಬಳಿದ ಬಣ್ಣವೂ ಕಲೆತುಹೋಗಿದೆ.

1959ರ ಫೆಬ್ರವರಿ 3ರಂದು ಅಯೋವಾದಲ್ಲಿ ವಿಮಾನ ಬಿದ್ದು ಸತ್ತಾಗ ಅವನಿಗೆ 22 ವರ್ಷ. ಅದಕ್ಕೆ ಕೆಲವೇ ವಾರ ಮುಂಚೆ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಗಿಟಾರ್ ಹಿಡಿದು ಒಬ್ಬನೇ ಕೂತು ಹೊಸ ಹಾಡುಗಳನ್ನು ಟೇಪ್ ಮಾಡಿಟ್ಟಿದ್ದ. ಸತ್ತ ಮೇಲೆ ಅದರ ಮೇಲೆ ವಾದ್ಯ, ಕೋರಸ್ ಸೇರಿಸಿ ಮಾರಿದರು. ‘ಕ್ರೈಯಿಂಗ್, ವೇಟಿಂಗ್, ಹೋಪಿಂಗ್’ನಲ್ಲಿ ಅವನ ಮಾತಿಗೆ ದನಿಗೂಡಿಸುವ ಕೋರಸ್ ಆಮೇಲೆ ಅಂಟಿಸಿದ್ದು. ಇದನ್ನೂ ‘ಲರ್ನಿಂಗ್ ದ ಗೇಮ್’ ಹಾಡನ್ನೂ ಹುಡುಕುವಾಗ ‘ಅನ್‌ಡಬ್ಡ್’ (ಆಮೇಲೆ ಏನೂ ಸೇರಿಸದ್ದು) ಎಂಬ ಪದ ಸೇರಿಸಿ.

ಶುರು ಮಾಡಬೇಕಾದ್ದು ಮಾತ್ರ ‘ದಟ್ಲ್ ಬಿ ದ ಡೇ’ಯಿಂದ, ಅದೂ ಎರಡು ರೆಕಾರ್ಡಿಂಗನ್ನು ಒಂದರ ಹಿಂದೊಂದು. 1956ರಲ್ಲಿ ನ್ಯಾಶ್‌ವಿಲ್‌ನಲ್ಲಿ ಮಾಡಿದ್ದರಲ್ಲಿ ಶ್ರುತಿ ಮೇಲಿದೆ, ಗಂಟಲು ಬಿಗಿದಿದೆ. 1957ರಲ್ಲಿ ನ್ಯೂ ಮೆಕ್ಸಿಕೋದ ಕ್ಲೋವಿಸ್‌ನಲ್ಲಿ ಮಾಡಿದ್ದು ಕೆಳಗಿನ ಶ್ರುತಿಯಲ್ಲಿದೆ, ದನಿ ಬಿಚ್ಚಿಕೊಂಡಿದೆ. ಅಲ್ಲಿನ ಸ್ಟುಡಿಯೋ ಮಾಲೀಕ ನಾರ್ಮನ್ ಪೆಟ್ಟಿ ಗಂಟೆ ಲೆಕ್ಕದ ಬದಲು ಹಾಡಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದ. ಗಡಿಯಾರದ ಭಯವಿಲ್ಲದೆ ರಾತ್ರಿಯೆಲ್ಲ ಪ್ರಯೋಗ ಮಾಡಲು ಆದದ್ದು ಅದರಿಂದಲೇ.

‘ಪೆಗ್ಗಿ ಸೂ’ ಆ ಸ್ವಾತಂತ್ರ್ಯದ ಫಲ. ಡ್ರಮ್ಸ್ ಸದ್ದು ಎಲ್ಲ ಮೈಕಿಗೂ ನುಗ್ಗುತ್ತಿದ್ದರಿಂದ ಡ್ರಮ್ಮರ್ ಜೆರ್ರಿ ಆಲಿಸನ್‌ನನ್ನು ಹೊರಗಿನ ಕೋಣೆಯಲ್ಲಿ ಕೂರಿಸಿದರು. ಕೈ ಲೆಕ್ಕ ಹೀಗೆ: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಆ ಡ್ರಮ್ಸ್ ಸದ್ದು ಹತ್ತಿರ ಬಂದು ದೂರ ಹೋದಂತೆ ಕೇಳುವುದು ಪೆಟ್ಟಿ ಎಕೋವನ್ನು ಹಾಕಿ ತೆಗೆದು ಮಾಡುತ್ತಿದ್ದುದರಿಂದ. ಗಿಟಾರ್ ನುಡಿಸುವವರಿಗೆ: ಎ, ಡಿ, ಇ ಕಾರ್ಡ್ ಸಾಕು, ‘ಪ್ರೆಟಿ ಪ್ರೆಟಿ’ ಎನ್ನುವಲ್ಲಿ ಥಟ್ಟನೆ ಎಫ್ ಮೇಜರ್ ಬರುತ್ತದೆ. ಮೀಟು ಬರೀ ಕೆಳಮುಖ. ಕೈ ನೋಯುತ್ತದೆಂದು ಮೇಲೆ-ಕೆಳಗೆ ಮೀಟಿದರೆ ಆ ಗುಡುಗು ಹೋಗಿ ಸದ್ದು ಸಪ್ಪೆಯಾಗುತ್ತದೆ. ಹಾಲಿಗೆ ಗಿಟಾರಿನ ದನಿ ಬದಲಿಸುವ ಪಿಕಪ್ ಸ್ವಿಚ್ ತಿರುಗಿಸಲೂ ಕೈ ಬಿಡುವಿರಲಿಲ್ಲ, ಸೋಲೋ ಬಂದಾಗ ಜೊತೆಗಾರ ನಿಕಿ ಸುಲಿವನ್ ಸ್ವಿಚ್ ತಿರುಗಿಸುತ್ತಿದ್ದ.

ಗಾಯನದಲ್ಲಿ ‘ಸೂ’ ಎಂಬ ಒಂದೇ ಸ್ವರವನ್ನು ಗಮನಿಸಿ. ಗಮಕದಂತೆ ಜಾರುವುದಿಲ್ಲ, ಬಿಕ್ಕಳಿಸಿದಂತೆ ತುಂಡುತುಂಡಾಗಿ ಬರುತ್ತದೆ.

‘ಎವ್ರಿಡೇ’ಯನ್ನು ಇಯರ್‌ಫೋನ್ ಹಾಕಿ ಕೇಳಿ. ಆ ತಾಳ ಆಲಿಸನ್ ತೊಡೆ ತಟ್ಟಿದ್ದು, ಗೆಜ್ಜೆಯಂಥ ನಾದ ಪೆಟ್ಟಿಯ ಹೆಂಡತಿ ವೈ ಪೆಟ್ಟಿ ನುಡಿಸಿದ ಸೆಲೆಸ್ಟಾ ಎಂಬ ಕೀಬೋರ್ಡ್ ವಾದ್ಯದ್ದು. ಆಮೇಲೆ ‘ವೆಲ್ ಆಲ್ ರೈಟ್’: ಡ್ರಮ್ಸ್‌ನಲ್ಲಿ ಉಳಿದಿರುವುದು ಸಿಂಬಲ್ ಎಂಬ ಲೋಹದ ತಟ್ಟೆಯೊಂದೇ.