ಎರಡನೇ ವೈವಾ

ಮೈಕ್ ಬಾಡಿಗೆಗೆ ಕೊಡೋದಕ್ಕೆ ಲೈಸೆನ್ಸ್ ಬೇಕು ಅಂತ ಒಂದು ಕಾನೂನು ಬರಬೇಕು. ಬಂದ ತಕ್ಷಣ ನಮ್ಮ ಸೋದರಮಾವನ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಬೇಕು.

ವಿಷಯ ಇಷ್ಟೇ. ನನ್ನ ತಂಗಿಗೆ ಪಿಎಚ್‌ಡಿ ಆಯಿತು. ನಮ್ಮ ಸೋಮವಾರಪೇಟೆ ಕಡೆ ಇಂಥದ್ದನ್ನು ಸುಮ್ನೆ ಬಿಡೋದಿಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಮೇಲೆ ಕಡುಬು, ಹಂದಿ ಸಾರು. ಎಲ್ಲ ಸರಿ, ಆದರೆ ದಿನ ಗೊತ್ತು ಮಾಡಿದ್ದು ಮಾವ. ಜುಲೈ ತಿಂಗಳು! ಕೊಡಗಿನಲ್ಲಿ ಜುಲೈನಲ್ಲಿ ಮನೆ ಮುಂದೆ ಕುರ್ಚಿ ಹಾಕಿಸುವವರನ್ನು ನಾನು ಇದೇ ಮೊದಲು ನೋಡಿದ್ದು. ಜಿಂಕ್ ಶೀಟಿನ ಮೇಲೆ ಮಳೆ ಬಾರಿಸುತ್ತಿತ್ತು. ಪಕ್ಕದ ಕುರ್ಚಿಯವರು ‘ಕಂಗ್ರಾಟ್ಸ್’ ಅಂದರೋ ‘ಕಾಫಿ ಎಷ್ಟಾಯ್ತು’ ಅಂದರೋ ಗೊತ್ತಾಗುತ್ತಿರಲಿಲ್ಲ. ಎರಡಕ್ಕೂ ನಗುತ್ತಾ ತಲೆಯಾಡಿಸಿದೆ.

ತಂಗಿ ಸಂಶೋಧನೆ ಮಾಡಿದ್ದು ಬಿಳಿ ಕಾಂಡಕೊರಕದ ಮೇಲೆ, ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳದ ಮೇಲೆ. ತೋಟದವರಿಗೆ ಬೋರರ್ ಅಂದರೆ ಸಾಕು, ಹೊಟ್ಟೆ ಉರಿಯುತ್ತೆ. ಕಾಫಿಯ ಎರಡು ಜಾತಿಗಳಲ್ಲಿ ರೊಬಸ್ಟಾ ತಂಟೆಗೆ ಅಷ್ಟಾಗಿ ಹೋಗೋದಿಲ್ಲ, ಅರೇಬಿಕಾವನ್ನು ಮಾತ್ರ ಬಿಡೋದಿಲ್ಲ. ಮೈಕ್ ಕೈಗೆ ಬಂದಾಗ ಅವಳು ಹೇಳಿದ್ದು ಒಂದೇ ವಾಕ್ಯ. ಈ ಹುಳದ ಜಾತಿಯಲ್ಲಿ ಗಂಡೇ ವಾಸನೆ ಬಿಟ್ಟು ಹೆಣ್ಣನ್ನು ಕರೆಯುತ್ತೆ ಅಂತ. ಅತ್ತೆ ಮಾವನ ಜರ್ಕಿನ್ ಕಡೆ ನೋಡಿದರು. ಮೂರು ವಾರದಿಂದ ಒಣಗದ ಜರ್ಕಿನ್. ‘ಎಲ್ಲಾ ಜಾತೀಲೂ ಹಾಗೆ ಬರಲ್ಲ ಕಣಮ್ಮ’ ಅಂದರು.

ಜನ ನಕ್ಕರು. ಆ ಗಲಾಟೆಯಲ್ಲಿ ಮೈಕ್ ಮಾವನ ಕೈ ಸೇರಿತು.

‘ನಾನು ಜಾಸ್ತಿ ಮಾತಾಡಲ್ಲ’ ಅಂತ ಶುರು ಮಾಡಿದರು. ನಾನು ಕಾಲು ಚಾಚಿಕೊಂಡೆ. ಮಾವನ ಒಂದು ಅಭ್ಯಾಸ ಏನಂದರೆ, ಯಾರು ಏನು ಸಾಧಿಸಿದರೂ ಅದು ಅವರಿಗೆ ಮೊದಲೇ ಗೊತ್ತಿರುತ್ತೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಶುರುವಾಗಿದ್ದು 1946ರಲ್ಲಿ. ಮಾವನ ಪ್ರಕಾರ ಅದಕ್ಕೂ ಮೊದಲೇ ಎಲ್ಲವನ್ನೂ ಅವರ ಅಜ್ಜ ಕಂಡುಹಿಡಿದು ಮುಗಿಸಿದ್ದರು. ‘ಬೋರರ್‌ಗೆ ಏನು ಮಾಡ್ಬೇಕು? ನೆರಳು ಕಾಪಾಡ್ಬೇಕು. ಕಾಂಡ ಉಜ್ಜಬೇಕು. ಹಿಡಿದ ಗಿಡ ಕಿತ್ತು ಸುಡಬೇಕು. ಇಷ್ಟಕ್ಕೆ ಆರು ವರ್ಷ ಓದ್ಬೇಕಾ?’

‘ಮಾವ, ಪಿಎಚ್‌ಡಿಗೆ ಮೂರರಿಂದ ಆರು ವರ್ಷ ಅಂತ ಯುಜಿಸಿ ನಿಯಮಾನೇ ಇದೆ’ ಅಂತ ಕೂತಲ್ಲಿಂದಲೇ ಕೂಗಿದೆ.

‘ಅದಕ್ಕೇ ನಾನು ಮಾಡ್ಲಿಲ್ಲ’ ಅಂದರು.

ಇಷ್ಟಕ್ಕೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ. ಮಾವ ಕುರ್ಚಿ ಕೆಳಗಿನಿಂದ ಒಂದು ಗೋಣಿಚೀಲ ಎಳೆದರು. ಒಳಗಿಂದ ಮೊಣಕೈ ಉದ್ದದ ಕಾಫಿ ಕಾಂಡ ಬಂತು. ಜೊತೆಗೆ ಕತ್ತಿ. ಕಾಂಡವನ್ನು ಹಣ್ಣಿನ ಬುಟ್ಟಿಯ ಮೇಲೆ ಅಡ್ಡ ಇಟ್ಟು, ‘ಡಾಕ್ಟ್ರಮ್ಮ, ಇದರೊಳಗೆ ಹುಳ ಎಲ್ಲಿದೆ, ಹೇಳು ನೋಡೋಣ’ ಅಂದರು. ಗೈಡ್ ಮುಂದೆ, ಹೊರಗಿನ ಪರೀಕ್ಷಕರ ಮುಂದೆ ವೈವಾ ಮುಗಿಸಿ ಬಂದವಳಿಗೆ ಪೇಟ ತೊಡಿಸಿ ಎರಡನೇ ವೈವಾ! ಕಡುಬು ತಿನ್ನುತ್ತಿದ್ದವರೆಲ್ಲ ತಟ್ಟೆ ಸಮೇತ ಹತ್ತಿರ ಬಂದರು.

ಅವಳು ಪೇಟ ಸರಿಮಾಡಿಕೊಂಡು ಕಾಂಡವನ್ನು ಒಮ್ಮೆ ತಿರುಗಿಸಿದಳು. ತೊಗಟೆಯ ಮೇಲೆ ಉಬ್ಬಿದ ಏಣು. ಅದರ ತುದಿಗೆ ಗುಂಡಗೆ ಒಂದು ತೂತು. ‘ಇಲ್ಲ ಮಾವ. ಏಪ್ರಿಲ್-ಮೇನಲ್ಲೇ ಹೊರಟುಹೋಗಿದೆ. ತೂತು ಬಿದ್ದಿದೆ ನೋಡಿ.’

‘ಇದೆ’ ಅಂತ ಮಾವ ಕತ್ತಿ ಬೀಸಿದರು. ಕಾಂಡದ ಜೊತೆ ಅನಾನಸೂ ಎರಡು ಹೋಳಾಯಿತು. ಸುರಂಗದ ತುಂಬ ಗಟ್ಟಿಯಾಗಿ ತುಂಬಿದ ಮರದ ಪುಡಿ. ಹುಳ ಇಲ್ಲ. ಉಗುರಿನಿಂದ ಕೆದಕಿದರು, ಬಡಿದರು, ಮೊಬೈಲ್ ಟಾರ್ಚ್ ಹಾಕಿ ಇಣುಕಿದರು. ಕೊನೆಗೆ ಮೈಕ್ ಎತ್ತಿಕೊಂಡು, ‘ನಾನೂ ಅದನ್ನೇ ಹೇಳ್ತಿದ್ದೆ’ ಅಂದರು.

ಅಷ್ಟರಲ್ಲಿ ಯಾವುದೋ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿತ್ತು ಅಂತ ಕಾಣುತ್ತೆ, ಕರೆಂಟ್ ಹೋಯಿತು. ಮೈಕ್ ಸತ್ತಿತು. ಮಾವನಿಗೆ ಅದು ತಿಳಿಯಲೇ ಇಲ್ಲ. ಸತ್ತ ಮೈಕ್ ಹಿಡಿದು, ಕೈ ಆಡಿಸುತ್ತಾ, ಜೋರುಮಳೆಯಲ್ಲಿ ಹತ್ತು ನಿಮಿಷ ಮಾತಾಡಿದರು. ಕೇಳಿದವರು ಯಾರೂ ಇಲ್ಲ. ಭಾಷಣದ ಚೆಂದದ ಭಾಗ ಅದೇ.

ಅಪ್ಪ ಇದ್ದಿದ್ದರೆ ಮೂಲೆಯಲ್ಲಿ ಕೂತು ಆ ದಪ್ಪ ಥೀಸಿಸ್ ತಿರುವುತ್ತಿದ್ದರು. ‘ಔಷಧಿ ಹೆಸರು ಯಾವ ಪೇಜಲ್ಲಿದೆ?’ ಅಂತ ಕೇಳಿರುತ್ತಿದ್ದರು. ಬೋರರ್ ಹಿಡಿದ ಗಿಡಗಳನ್ನು ಅವರು ಕೀಳಿಸುವಾಗ ಹಿಂದೆಯೇ ಓಡಾಡುತ್ತಿದ್ದ ಹುಡುಗಿ ಇವಳು. ಬಿಸಿಲು ಬೀಳುವ ಕಡೆಯ ಗಿಡಗಳೇ ಯಾಕೆ ಜಾಸ್ತಿ ಹೋಗ್ತವೆ ಅಂತ ಕೇಳುತ್ತಿದ್ದಳು. ಹೋಗ್ಲಿ ಬಿಡಿ.

ನಾನಂತೂ ಅವಳಿಗೆ ನೆಟ್ಟಗೆ ಅಭಿನಂದನೆ ಹೇಳಲು ಇನ್ನೂ ಆಗಿಲ್ಲ. ಆವತ್ತು ಮದುವೆ ಯಾವಾಗ ಅಂತ ಕೇಳುವವರ ಸಾಲು ಮುಗಿಯಲಿಲ್ಲ. ಮಾರನೇ ದಿನ ಬೆಳಿಗ್ಗೆಯೇ ಮಾವ ಜೀಪ್ ತಂದು ನಿಲ್ಲಿಸಿದರು. ಅವರ ಅರೇಬಿಕಾ ಅರ್ಧಕ್ಕರ್ಧ ಹಳದಿಯಾಗಿದೆಯಂತೆ. ಡಾಕ್ಟ್ರಮ್ಮ ಬಂದು ಒಂದು ಸಲ ನೋಡಬೇಕಂತೆ.

‘ಅಜ್ಜ ಎಲ್ಲಾ ಕಂಡುಹಿಡಿದಿದ್ರಲ್ಲ ಮಾವ? ಬೇಕಾದ್ರೆ ಫೀಸ್ ಕೊಟ್ಟು ಕರ್ಕೊಂಡು ಹೋಗಿ’ ಅಂದೆ.

‘ಶಾಲು ಹೊದಿಸಿದ್ದೀನಲ್ಲಯ್ಯ’ ಅಂತ ಗೇರ್ ಹಾಕಿದರು.