ಸುಣ್ಣದ ಗೋಡೆ

ಇಂಗ್ಲೆಂಡಿನಲ್ಲಿ ಕೊಳ್ಳಬೇಕೆಂದಿದ್ದ ಮನೆಯ ಸ್ಥಿತಿ ಪರೀಕ್ಷಿಸಲು ಬಂದವರು ಗೋಡೆಗೆ ಅಂಗೈ ಒತ್ತಿ ನೋಡಿದರು. "ಹಿಂದಿನವರು ಸಿಮೆಂಟನ್ನೆಲ್ಲ ಕೆರೆದು ತೆಗೆದು ಮತ್ತೆ ಸುಣ್ಣದ ಗಾರೆ ಮಾಡಿಸಿದ್ದಾರೆ. ಈ ಮನೆ ಉಳಿದದ್ದು ಅದರಿಂದಲೇ" ಎಂದರು. ನನಗೆ ಚುರುಕ್ಕೆಂದಿತು. ತೀರ್ಥಹಳ್ಳಿಯ ಹತ್ತಿರ ಅಜ್ಜ ಕಟ್ಟಿಸಿದ ಮನೆಯ ಸುಣ್ಣದ ಗಾರೆಯನ್ನು ಕೆರೆಸಿ ಸಿಮೆಂಟು ಬಳಿಸಿದವನು ನಾನು. ಅದಕ್ಕೆಂದೇ ಇಲ್ಲಿಂದ ಹಣ ಕಳಿಸಿದ್ದೆ.

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯ ಈ ಹಳ್ಳಿಯಲ್ಲಿ ಕೆಳಗೆರಡು, ಮೇಲೆರಡು ಕೋಣೆಗಳ ಪುಟ್ಟ ಮನೆ ನಮ್ಮದು. ಜೇನಿನ ಬಣ್ಣದ ಸುಣ್ಣಕಲ್ಲಿನ ಗೋಡೆ. ಮಾಡಿಗೂ ಕಲ್ಲಿನ ಹಲಗೆಗಳೇ. ಸೂರಿನಲ್ಲಿ ದೊಡ್ಡವು, ಮೇಲೇರಿದಂತೆ ಚಿಕ್ಕವು. ಇಂಥ ಹಳೆಯ ಗೋಡೆ ಹೀರಿಕೊಂಡ ತೇವವನ್ನು ಸುಣ್ಣದ ಮೂಲಕ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಅಟ್ಟದ ಮೂಲೆಯಲ್ಲಿ ಉದುರಿದ್ದ ಹಳೆಯ ಗಾರೆಯ ಚಕ್ಕೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಬಿರುಕು ಬಿಡದಿರಲೆಂದು ಕಲಸಿದ್ದ ದನದ ಕೂದಲು ಅದರಲ್ಲಿ ಇನ್ನೂ ಇತ್ತು. ನಮ್ಮವರು ಬೆಲ್ಲದ ನೀರು, ಅಳಲೆಕಾಯಿ ಹಾಕಿ ಅರೆಯುತ್ತಿದ್ದರಲ್ಲ, ಅಂಥದೇ ವಿದ್ಯೆ.

ಸಿಮೆಂಟು ಬಳಿಸಿದ ಮೇಲೆ ಅಜ್ಜನ ಮಣ್ಣುಗೋಡೆಯೂ ಹಾಗೆಯೇ ಕೆಟ್ಟಿತು. ಎರಡು ಮಳೆಗಾಲಕ್ಕೆ ಸೊಂಟದೆತ್ತರ ಒದ್ದೆ, ಮೂರನೆಯದಕ್ಕೆ ಸಿಮೆಂಟು ಹಪ್ಪಳದಂತೆ ಎದ್ದಿತು. "ಹಳೆಯ ಮನೆಯ ಹಣೆಬರಹವೇ ಇಷ್ಟು" ಎಂದರು ಎಲ್ಲರೂ. ಜೇಸಿಬಿ ಬಂತು. ಮರದ ಮುಂಡಿಗೆ ಕಂಬಗಳನ್ನು ಯಾರೋ ಲಾರಿಗೆ ತುಂಬಿಕೊಂಡು ಹೋದರು. ಯಾರನ್ನೂ ಒಂದು ಮಾತು ಕೇಳಬೇಕಾಗಲಿಲ್ಲ.

ಇಲ್ಲಿ ಕೇಳಲೇಬೇಕು. ನಮ್ಮದು ಸರ್ಕಾರದ ಪಟ್ಟಿಯಲ್ಲಿರುವ ಗ್ರೇಡ್ 2 ಸಂರಕ್ಷಿತ ಕಟ್ಟಡ. ಅದರ ಲಕ್ಷಣ ಬದಲಿಸುವ ಕೆಲಸವನ್ನು ಸ್ಥಳೀಯ ಆಡಳಿತದ ಒಪ್ಪಿಗೆಯಿಲ್ಲದೆ ಮಾಡಿದರೆ ಇಂಥ ಕಟ್ಟಡಗಳ 1990ರ ಕಾಯಿದೆಯ ಪ್ರಕಾರ ಅಪರಾಧ. ಚಳಿ ತಡೆಯಲು ಎರಡು ಪದರ ಗಾಜಿನ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗೆ ಅರ್ಜಿ ಹಾಕಿದೆ, ತಿರಸ್ಕರಿಸಿದರು. ದುಡ್ಡು ನನ್ನದು, ಚಳಿಯೂ ನನ್ನದು ಎಂದು ಸಿಟ್ಟು ಬಂದದ್ದು ನಿಜ. ಆದರೆ ತೀರ್ಥಹಳ್ಳಿಯಲ್ಲಿ ನನಗೆ ಹೀಗೆ ಬೇಡ ಎನ್ನುವವರು ಒಬ್ಬರಾದರೂ ಇದ್ದಿದ್ದರೆ ಆ ಚಾವಡಿ ಇಂದಿಗೂ ನಿಂತಿರುತ್ತಿತ್ತು. ನಮ್ಮೂರುಗಳಲ್ಲಿ ಅಂಥ ಕಾನೂನೂ ಬೇಕು, ಸುಣ್ಣ ಅರೆಯಲು ಬಲ್ಲ ಗಾರೆಯವರೂ ಬೇಕು.

ಅಮ್ಮ ಇದನ್ನು ಒಪ್ಪುವುದಿಲ್ಲ. ಜಡಿಮಳೆಯಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗುವಾಗ ಪಾಚಿಯ ಮೇಲೆ ಜಾರಿ ಕೈ ಮುರಿದುಕೊಂಡವಳು ಅವಳು. "ನೀನು ವರ್ಷಕ್ಕೆ ಹದಿನೈದು ದಿನ ಇರುವವನು, ಒಲೆಯ ಹೊಗೆ ಕುಡಿದವಳು ನಾನು" ಎನ್ನುತ್ತಾಳೆ. ಆರ್‌ಸಿಸಿ ಮನೆಯಲ್ಲಿ ಅವಳು ಸುಖವಾಗಿದ್ದಾಳೆ, ಅದನ್ನು ಅಲ್ಲಗಳೆಯಲಾರೆ. ಇಷ್ಟು ಜತನದಿಂದ ಉಳಿಸಿದ ಈ ಹಳ್ಳಿಯಲ್ಲೂ ಹಲವು ಮನೆಗಳ ದೀಪ ಉರಿಯುವುದು ವಾರಾಂತ್ಯಕ್ಕೆ ಮಾತ್ರ. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಈ ಬೆಲೆ ಎಟುಕುವುದಿಲ್ಲ.

ಮೊನ್ನೆ ಮೊಬೈಲಿನಲ್ಲಿ ಅಮ್ಮನಿಗೆ ಗೋಡೆ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ದೀಪಾವಳಿಗೆ ಸುಣ್ಣ ಹೊಡೆಸಬೇಕಲ್ಲ, ಅಲ್ಲಿ ಆಳು ಸಿಗುತ್ತಾರೆಯೇ?"

"ಸಿಗುತ್ತಾರೆ ಅಮ್ಮ" ಎಂದೆ.